ಯುದ್ಧಕಾಲದ ಪಾಳು ಕೊಟ್ಟಿಗೆ: ಒಳಗೆ ಕಾಲಿಡುವ ಮುನ್ನ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಎರಡನೇ ಮಹಾಯುದ್ಧದ ಕಾಲದ ಪಾಳು ಕೃಷಿ ಕಟ್ಟಡ ನೋಡಲು ಹೊರಟರೆ ನನ್ನ ಅರ್ಧ ಕೆಲಸ ಕಾಗದದಲ್ಲೇ ಮುಗಿದಿರುತ್ತದೆ. 1941ರಿಂದ 1943ರವರೆಗೆ ಸರ್ಕಾರ ಐದು ಎಕರೆಗೆ ಕಡಿಮೆಯಿಲ್ಲದ ಹಿಡುವಳಿಗಳ ಸರ್ವೆ ಮಾಡಿಸಿತ್ತು. ಆ ಫಾರಂಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್ ಎಂಬ ಸರ್ಕಾರಿ ದಾಖಲೆ ಭಂಡಾರದಲ್ಲಿ ಎಂಎಎಫ್ (ಕೃಷಿ ಸಚಿವಾಲಯದ ದಾಖಲೆಗಳ ಗುರುತು) 32 ಸರಣಿಯಲ್ಲಿವೆ, ನಕ್ಷೆಗಳು ಎಂಎಎಫ್ 73ರಲ್ಲಿ. ಹುಡುಕಲು ಕೌಂಟಿ (ಜಿಲ್ಲೆಯಂಥದ್ದು), ಪ್ಯಾರಿಷ್ (ಹಳ್ಳಿ ಮಟ್ಟದ ಆಡಳಿತ ಘಟಕ) ಗೊತ್ತಿದ್ದರೆ ಸಾಕು. ನಾನು ಮೊದಲು ನೋಡುವುದು ನೀರಿನ ಕಾಲಂ. ‘ಬಾವಿ’ ಎಂದಿದ್ದರೆ ಅಂಗಳದ ಮುಳ್ಳುಪೊದೆಯಡಿ ಕೊಳೆತ ಹಲಗೆ ಮುಚ್ಚಿದ ಬಾವಿ ಇನ್ನೂ ಇರಬಹುದು. ಹಾಗಾಗಿ ಕೈಯಲ್ಲೊಂದು ಕೋಲು, ಹೆಜ್ಜೆಗೆ ಮುಂಚೆ ನೆಲ ಕುಟ್ಟಿ ನೋಡುವುದು.

ಅನುಮತಿಗೆ ಪಕ್ಕದ ಜಮೀನಿನವರನ್ನು ಕೇಳಿದರೆ ಯಜಮಾನರು ಬೇಗ ಸಿಗುತ್ತಾರೆ. ಭೂನೋಂದಣಿಯಲ್ಲಿ ಎಲ್ಲ ಜಮೀನೂ ದಾಖಲಾಗಿರುವುದಿಲ್ಲ.

ಇನ್ನು ಗೋಡೆ. ಯುದ್ಧದಲ್ಲಿ ಸಾಮಗ್ರಿಗೆ ಬರ, ಅದಕ್ಕೇ ಎಷ್ಟೋ ಕಡೆ ಗೋಡೆ ಬರೀ ನಾಲ್ಕೂವರೆ ಇಂಚು, ಅಂದರೆ ಅರ್ಧ ಇಟ್ಟಿಗೆ ದಪ್ಪ. ಅದು ನಿಂತಿರುವುದು ನಡುನಡುವೆ ಕೊಟ್ಟ ಆನಿಕೆ ಕಂಬಗಳ ಬಲದಿಂದ. ಕಂಬ ಗೋಡೆಯಿಂದ ಬಿಟ್ಟುಕೊಂಡಿದ್ದರೆ, ಬಿರುಕು ಮೇಲಕ್ಕೆ ಹೋದಂತೆ ಅಗಲವಾಗಿದ್ದರೆ ನಾನು ಆ ಬದಿಗೆ ಹೋಗುವುದಿಲ್ಲ. ಕಬ್ಬಿಣದ ಕಿಟಕಿ ಚೌಕಟ್ಟು ತುಕ್ಕು ಹಿಡಿದು ಉಬ್ಬಿ ಗಾಜು ಸೀಳಿರುತ್ತದೆ, ಅದನ್ನು ಅಲ್ಲಾಡಿಸಬಾರದು. ಅಂದಹಾಗೆ, ಜಮೀನಿನಲ್ಲಿ ಅರ್ಧಚಂದ್ರಾಕಾರದ ತಗಡಿನ ನಿಸೆನ್ ಹಟ್ ಕಂಡರೆ ಅದು ಯುದ್ಧಕಾಲದಿಂದ ಅಲ್ಲೇ ಇದ್ದದ್ದು ಎಂದುಕೊಳ್ಳಬೇಡಿ. ಯುದ್ಧ ಮುಗಿದ ಮೇಲೆ ರೈತರು ಸೇನೆಯ ಹಳೆ ಸರಕನ್ನು ಕೊಂಡು ತಂದು ನಿಲ್ಲಿಸಿದ್ದೂ ಬಹಳ.

ಚಾವಣಿಯಲ್ಲಿ ಬೂದುಬಣ್ಣದ ಅಲೆಅಲೆ ಸಿಮೆಂಟ್ ಶೀಟಿದ್ದರೆ ಅದು ಕಲ್ನಾರು (ಆಸ್ಬೆಸ್ಟಾಸ್) ಎಂದೇ ಹಿಡಿಯಿರಿ. ಬ್ರಿಟನ್ನಿನಲ್ಲಿ ಬಿಳಿ ಕಲ್ನಾರು ನಿಷೇಧವಾದದ್ದು 1999ರಲ್ಲಿ. ಶೀಟ್ ಇಡಿಯಾಗಿದ್ದರೆ ಅಪಾಯ ಕಡಿಮೆ. ನೆಲದಲ್ಲಿ ಬಿದ್ದ ಚೂರುಗಳನ್ನು ತುಳಿದು ಪುಡಿ ಮಾಡಿದಾಗಲೇ ನಾರು ಗಾಳಿಗೆ ಏಳುವುದು. ಮುಖಕ್ಕೆ ಸರಿಯಾಗಿ ಕೂರುವ ಎಫ್‌ಎಫ್‌ಪಿ3 ಮಾಸ್ಕ್ (ಸಣ್ಣ ಧೂಳನ್ನೂ ಸೋಸುವಂಥದ್ದು) ಬೇಕು, ಗಡ್ಡವಿದ್ದರೆ ಅದೂ ಪ್ರಯೋಜನವಿಲ್ಲ. ಚಾವಣಿ ಹತ್ತುವ ಮಾತೇ ಬೇಡ. ಹಸಿರು ಪಾಚಿಯಡಿ ಶೀಟ್ ಎಲ್ಲಿ ಸೀಳಿದೆ ಎಂದು ಕಾಣುವುದಿಲ್ಲ, ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತದೆ.

ಅಟ್ಟದ ಹಲಗೆ ಮೇಲೆ ಹೋಗಲೇಬೇಕಾದರೆ ಮೊಳೆಗಳ ಸಾಲು ಹಿಡಿದು ನಡೆಯುತ್ತೇನೆ, ಏಕೆಂದರೆ ಅದರ ಕೆಳಗೇ ತೊಲೆ ಇರುವುದು. ತೊಲೆಯ ತುದಿ ಗೋಡೆ ಸೇರುವಲ್ಲಿ ಚಾಕುಮೊನೆ ಸಲೀಸಾಗಿ ಇಳಿದರೆ ಅಲ್ಲಿಂದಲೇ ವಾಪಸ್. ಗಂಜಲದ ಗುಂಡಿಗೆ ಮಾತ್ರ ಯಾವ ಕಾರಣಕ್ಕೂ ಇಳಿಯುವುದಿಲ್ಲ. ಅಲ್ಲಿನ ಕೊಳೆತ ಮೊಟ್ಟೆಯ ವಾಸನೆ ಬರುವ ವಿಷಗಾಳಿ ಹೆಚ್ಚಾದಾಗ ಮೂಗೇ ಮರಗಟ್ಟುತ್ತದೆ, ವಾಸನೆ ಹೋಯಿತೆಂದರೆ ಗಾಳಿ ಶುದ್ಧವಾಯಿತು ಎಂದಲ್ಲ.

ಗೋಡೆಯಂಚಿನಲ್ಲಿ ಕಪ್ಪು ಹಿಕ್ಕೆ ಕಂಡರೆ ಗ್ಲೌಸು ಹಾಕಿದ ಬೆರಳಲ್ಲಿ ಒತ್ತಿ ನೋಡಿ. ಇಲಿಯದು ಗಟ್ಟಿ, ಬಾವಲಿಯದು ಪುಡಿಯಾಗಿ ಕೀಟದ ರೆಕ್ಕೆಯ ಚೂರು ಮಿನುಗುತ್ತದೆ. ಮಿನುಗಿದರೆ ಟಾರ್ಚ್ ಆರಿಸಿ ಹೊರಬನ್ನಿ. ಬಾವಲಿಗೆ, ಅದರ ಗೂಡಿಗೆ ಅಲ್ಲಿ ಕಾನೂನಿನ ರಕ್ಷಣೆಯಿದೆ, ಚಳಿಗಾಲದ ನಿದ್ದೆಯಿಂದ ಎಬ್ಬಿಸಿದರೆ ಕೂಡಿಟ್ಟ ಕೊಬ್ಬು ಕರಗಿ ಅದು ಸಾಯಲೂಬಹುದು.