ಆ ರಾತ್ರಿಯ ಮಹಜರು ಎಲ್ಲಿ ಎಂದು ಕೇಳಿದೆ

ರಾತ್ರಿ ಹನ್ನೊಂದೂವರೆಗೆ ಬಾಗಿಲು ಬಡಿದರು. ಚಿಲಕ ತೆಗೆಯುತ್ತಿದ್ದ ಹಾಗೇ ನಾಲ್ಕು ಜನ ಪೊಲೀಸರು ಒಳಗೆ ಬಂದರು. ಮೈದುನ ಎಲ್ಲಿ ಎಂದು ಕೇಳಿದರು. ಅವನು ಊರಲ್ಲೇ ಇರಲಿಲ್ಲ. ವಾರಂಟ್ ಇದೆಯಾ ಸಾರ್ ಎಂದು ನಮ್ಮವರು ಕೇಳಿದ್ದಕ್ಕೆ, ಠಾಣೆಗೆ ಬಂದು ಕೇಳಿ ಎಂದರು. ಬೀರು ತೆಗೆಸಿದರು. ಅತ್ತೆಯ ಟ್ರಂಕನ್ನೂ ಬಿಡಲಿಲ್ಲ. ಹೋಗುವಾಗ ಮಗಳ ಲ್ಯಾಪ್‌ಟಾಪ್ ಒಯ್ದರು, ಒಂದು ಚೀಟಿಯನ್ನೂ ಕೊಡಲಿಲ್ಲ. ಅತ್ತೆ ಬೆಳಗಿನವರೆಗೂ ಕಣ್ಣು ಮುಚ್ಚಲಿಲ್ಲ.

ಅವರು ಹೋದ ತಕ್ಷಣ ನಾನು ನೋಟ್‌ಬುಕ್ ತೆಗೆದುಕೊಂಡು ಕೂತೆ. ಬಂದ ಹೊತ್ತು, ಹೋದ ಹೊತ್ತು, ಜೀಪಿನ ನಂಬರು, ಅಂಗಿಯ ಮೇಲೆ ಓದಿದ ಎರಡು ಹೆಸರು, ಯಾವ ಕೋಣೆಯಲ್ಲಿ ಏನು ತೆಗೆದರು, ಎಲ್ಲವನ್ನೂ ಬರೆದೆ. ಬೆಳಿಗ್ಗೆ ಎದುರಿನ ಅಂಗಡಿಯವರ ಸಿಸಿಟಿವಿಯಿಂದ ಆ ಹೊತ್ತಿನ ದೃಶ್ಯವನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡೆ. ಇದನ್ನು ಮಾತ್ರ ತಡ ಮಾಡಬೇಡಿ. ಹಳೆಯದು ತಾನಾಗಿಯೇ ಅಳಿಸಿ ಹೋಗುತ್ತದೆ.

ಆಮೇಲೆ ವಕೀಲರ ಹತ್ತಿರ ಹೋದೆವು. ವಾರಂಟ್ ಇಲ್ಲದೆ ಬಂದರೆ ತಪ್ಪು ಎಂದಷ್ಟೇ ನಾನು ತಿಳಿದಿದ್ದೆ. ಹಾಗಲ್ಲವಂತೆ. ಬಂಧಿಸುವ ಅಧಿಕಾರ ಇದ್ದಾಗ, ಆ ವ್ಯಕ್ತಿ ಮನೆಯೊಳಗಿದ್ದಾನೆ ಎಂದು ನಂಬಲು ಕಾರಣ ಇದ್ದರೆ ಪೊಲೀಸರು ಒಳಗೆ ಬರಬಹುದು. ತನಿಖೆಗೆ ಬೇಕಾದ ವಸ್ತು ಹುಡುಕಲೂ ತುರ್ತು ಇದ್ದರೆ ವಾರಂಟ್ ಬೇಡ. ಆದರೆ ಆಗ ಕಾರಣವನ್ನು ಮೊದಲೇ ಬರೆದಿಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಂ ಹೇಳುವುದು ಇದನ್ನೇ. ಆ ದಾಖಲೆಯ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಶೋಧವನ್ನು ವಿಡಿಯೊ ಮಾಡಬೇಕು. 103ನೇ ಕಲಂ ಪ್ರಕಾರ ಶೋಧಕ್ಕೆ ಸಾಕ್ಷಿಯಾಗಿ ಊರಿನ ಇಬ್ಬರು ಪಂಚರು ಇರಬೇಕು, ಒಯ್ದ ವಸ್ತುಗಳ ಪಟ್ಟಿಯನ್ನು ಮನೆಯವರಿಗೆ ಕೊಡಬೇಕು. ನಮ್ಮ ಮನೆಯಲ್ಲಿ ಪಂಚರೂ ಇರಲಿಲ್ಲ, ಪಟ್ಟಿಯೂ ಇರಲಿಲ್ಲ. ಶೋಧದ ಲಿಖಿತ ದಾಖಲೆಯಾದ ಮಹಜರೇ ಇರಲಿಲ್ಲ.

ನನಗೆ ತುಂಬಾ ಉಪಯೋಗವಾದದ್ದು ಅದೇ 185ನೇ ಕಲಮಿನ ಕೊನೆಯ ಮಾತು. ಮನೆಯಲ್ಲಿ ಇರುವವರು ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟರು ಆ ದಾಖಲೆಯ ನಕಲನ್ನು ಉಚಿತವಾಗಿ ಕೊಡಬೇಕು. ಐದನೇ ದಿನ ಅರ್ಜಿ ಹಾಕಿದೆವು. ಅಂಥ ಯಾವುದೇ ದಾಖಲೆ ಬಂದಿಲ್ಲ ಎಂದು ಕೋರ್ಟಿನಿಂದ ಹಿಂಬರಹ, ಅಂದರೆ ಲಿಖಿತ ಉತ್ತರ, ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದಾಗ ಮೊದಲ ಸಲ ನನಗೆ ಧೈರ್ಯ ಬಂತು. ಅಲ್ಲಿಯವರೆಗೆ ನಮ್ಮ ಮಾತು, ಅವರ ಮಾತು ಎಂದಷ್ಟೇ ಇತ್ತು. ಈಗ ಕೋರ್ಟಿನ ಸೀಲು ಬಿದ್ದ ಕಾಗದ ಇತ್ತು.

ಅದರ ನಕಲು ಇಟ್ಟು ಎಸ್‌ಪಿಯವರಿಗೆ ದೂರು ಬರೆದೆ. ಎರಡೇ ಪುಟ. ಬೈಗುಳ ಇಲ್ಲ, ಊಹೆ ಇಲ್ಲ, ನಡೆದದ್ದು ಮಾತ್ರ. ಖಾಸಗಿತನ ಮೂಲಭೂತ ಹಕ್ಕು ಎಂದ ಸುಪ್ರೀಂ ಕೋರ್ಟಿನ 2017ರ ತೀರ್ಪನ್ನೂ ಒಂದು ಸಾಲಲ್ಲಿ ಸೇರಿಸಿದೆ. ಆ ಮೊಕದ್ದಮೆ ಹೂಡಿದ ಪುಟ್ಟಸ್ವಾಮಿಯವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎಂದು ಗೊತ್ತಾದಾಗ ಹೆಮ್ಮೆ ಎನಿಸಿತು. ಟಪಾಲು ವಿಭಾಗದಲ್ಲಿ ನಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆ. ಅದೇ ದೂರನ್ನು ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರಕ್ಕೂ, ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಸ್ಪೀಡ್ ಪೋಸ್ಟ್ ಮಾಡಿದೆ. ಆಯೋಗಕ್ಕೆ ಘಟನೆ ನಡೆದ ಒಂದು ವರ್ಷದೊಳಗೆ ದೂರು ಕೊಡಬೇಕು.

ಲ್ಯಾಪ್‌ಟಾಪ್‌ ಬಿಡಿಸಿಕೊಳ್ಳಲು ಬೇರೆ ಅರ್ಜಿ, ಅದೇ ಸಂಹಿತೆಯ 503ನೇ ಕಲಮಿನಲ್ಲಿ. ಕೋರ್ಟು ಠಾಣೆಯಿಂದ ವರದಿ ಕೇಳಿತು. ಮೂರು ವಾರಕ್ಕೆ ಬಾಂಡ್ ಬರೆದುಕೊಟ್ಟು ಬಿಡಿಸಿಕೊಂಡೆವು.

ಎರಡು ವಿಷಯ ಮೊದಲೇ ತಿಳಿದಿರಲಿ. ಶೋಧ ಕ್ರಮಬದ್ಧವಾಗಿಲ್ಲ ಎಂದ ಮಾತ್ರಕ್ಕೆ ಸಿಕ್ಕ ವಸ್ತು ಸಾಕ್ಷ್ಯವಾಗಿ ಬಿದ್ದುಹೋಗುವುದಿಲ್ಲ. ಸುಪ್ರೀಂ ಕೋರ್ಟು 1973ರಲ್ಲೇ ಹೀಗೆ ಹೇಳಿದೆ. ಇನ್ನೊಂದು, ಪೊಲೀಸರ ಮೇಲೆ ನೇರವಾಗಿ ಕೋರ್ಟಿನಲ್ಲಿ ಖಾಸಗಿ ದೂರು ಹೂಡುವುದು ಸುಲಭವಲ್ಲ. ಕರ್ತವ್ಯದ ಹೆಸರಲ್ಲಿ ಮಾಡಿದ ಕೆಲಸವಾದರೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನಂತೆ ಸರ್ಕಾರದ ಅನುಮತಿ ಬೇಕಾಗುತ್ತದೆ. ಅದಕ್ಕೇ ನಮ್ಮ ವಕೀಲರು ಆ ದಾರಿಯನ್ನು ಕೊನೆಗೆ ಇಟ್ಟುಕೊಳ್ಳೋಣ ಎಂದರು.

ಎಸ್‌ಪಿ ಕಚೇರಿಯಿಂದ ವಿಚಾರಣೆಗೆ ಡಿವೈಎಸ್‌ಪಿ ಬಂದಿದ್ದರು. ಅತ್ತೆ ಟ್ರಂಕು ತೋರಿಸಿ, ಯಾವ ಸೀರೆ ಎಲ್ಲಿ ಬಿದ್ದಿತ್ತು ಎಂಬುದನ್ನೂ ಹೇಳಿದರು. ಎಲ್ಲವನ್ನೂ ಬರೆದುಕೊಂಡರು. ಓದಿಸಿ ಕೇಳಿದ ಮೇಲೆಯೇ ಅತ್ತೆ ಹೆಬ್ಬೆಟ್ಟು ಒತ್ತಿದ್ದು. ವರದಿಯ ಪ್ರತಿಗಾಗಿ ಈಗ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇನೆ.