ಹಾಡನ್ನು ಅರ್ಧಕ್ಕೆ ನಿಲ್ಲಿಸಿ ನೋಡಿ

ಮನೆಯಲ್ಲಿ ಆಟಿಸಂ ಇರುವ ಅಥವಾ ಮಾತು ತಡವಾದ ಮಗು ಇದ್ದರೆ, 'ಮ್ಯೂಸಿಕ್ ಥೆರಪಿ ಮಾಡಿಸಿ' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಿಂದೆಯೇ ವಾಟ್ಸಾಪ್‌ನಲ್ಲಿ ಒಂದು ತಾಸಿನ ಕೊಳಲಿನ ವಿಡಿಯೊ. ಯಾವ ರಾಗದಿಂದ ಯಾವ ಕಾಯಿಲೆ ವಾಸಿ ಎಂಬ ಪಟ್ಟಿಯೂ ಜೊತೆಗೆ. ಪಟ್ಟಿಯನ್ನು ಡಿಲೀಟ್ ಮಾಡಿ. ಕೊಳಲನ್ನು ಬೇಕಾದರೆ ನೀವು ಕೇಳಿ. ಮಗುವಿಗೆ ಬೇಕಿರುವುದು ಎದುರಿಗೆ ಕೂತು ತನ್ನ ಜೊತೆ ಹಾಡುವ, ಬಾರಿಸುವ ಒಬ್ಬ ಮನುಷ್ಯ.

ಅಮೆರಿಕದ ಸಂಗೀತಗಾರ ಪಾಲ್ ನಾರ್ಡಾಫ್ ಮತ್ತು ಇಂಗ್ಲೆಂಡಿನ ಶಿಕ್ಷಕ ಕ್ಲೈವ್ ರಾಬಿನ್ಸ್ 1959ರಲ್ಲಿ ಜೊತೆಯಾಗಿ ಹಿಡಿದ ದಾರಿಯೂ ಇದೇ. ಮಗು ಅತ್ತರೆ ಆ ಅಳುವಿನ ಶ್ರುತಿಗೇ ಪಿಯಾನೊ ನುಡಿಸುವುದು, ಡ್ರಮ್ ಬಡಿದರೆ ಅದರ ವೇಗಕ್ಕೇ ಹೊಂದಿಕೊಳ್ಳುವುದು. ಮಗು ಮುಂದೆ, ಸಂಗೀತ ಹಿಂದೆ.

ಶುರು ಮಾಡುವ ಮೊದಲು

ಮೊದಲು ಕಿವಿ ಪರೀಕ್ಷೆ ಮಾಡಿಸಿ. 'ಟಿವಿ ಹಾಕಿದರೆ ಓಡಿ ಬರುತ್ತಾನಲ್ಲ, ಕಿವಿ ಕೇಳುತ್ತದೆ' ಎಂದು ಬಿಡಬೇಡಿ. ಮುಂಬೈಯ ಬಾಂದ್ರಾ ರಿಕ್ಲಮೇಶನ್‌ನ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ 1983ರಿಂದ ಶ್ರವಣ ದೋಷದ ಕೆಲಸವನ್ನೇ ಮಾಡುತ್ತಿದೆ. ಫಿಟ್ಸ್ ಬರುವ ಮಗುವಾದರೆ ಡಾಕ್ಟರಿಗೆ ಒಂದು ಮಾತು ತಿಳಿಸಿ. ಅಪರೂಪಕ್ಕೆ ಸಂಗೀತದಿಂದಲೇ ಫಿಟ್ಸ್ ಬರುವುದೂ ಉಂಟು.

ಆಮೇಲೆ ಎರಡು ಮೂರು ದಿನ ಸುಮ್ನೆ ಗಮನಿಸಿ. ಯಾವ ಸದ್ದಿಗೆ ಮಗು ತಿರುಗುತ್ತದೆ, ಯಾವುದಕ್ಕೆ ಕಿವಿ ಮುಚ್ಚುತ್ತದೆ? ಲೋಕಲ್ ಟ್ರೈನಿನ ಅನೌನ್ಸ್‌ಮೆಂಟ್ ಬಾಯಿಪಾಠ ಇರುವ ಮಕ್ಕಳು ಮುಂಬೈಯಲ್ಲಿ ಬೇಕಾದಷ್ಟು. ಬೈಯಬೇಡಿ. 'ಅಗಲಾ ಸ್ಟೇಷನ್...' ಎಂದು ನೀವು ಎಳೆದರೆ, 'ಘಾಟ್ಕೋಪರ್' ಎಂದು ಮಗು ಮುಗಿಸಬಹುದು. ನಿಮ್ಮ ಮೊದಲ ಹಾಡು ಸಿಕ್ಕಿತು ಅಲ್ವಾ?

ಹಾಡಿನೊಳಗೊಂದು ಜಾಗ

ದಿನದ ಯಾವುದಾದರೂ ಕೆಲಸಕ್ಕೆ ಎರಡು ಸಾಲು ಕಟ್ಟಿ. ನಳದಲ್ಲಿ ನೀರು ಬರುವ ಹೊತ್ತು ವಠಾರದಂಥ ಚಾಳ್‌ನಲ್ಲಿ ಎಲ್ಲರಿಗೂ ಗೊತ್ತು, ಮಗುವಿಗೂ. 'ನೀರು ಬಂತು ನೀರು, ಬಕೆಟ್ ತುಂಬಾ ನೀರು.' ಯಾವ ಧಾಟಿಯಾದರೂ ಸರಿ, ದಿನಾ ಅದೇ ಧಾಟಿ ಇರಲಿ. ಮನೆಯ ಮಾತು ತುಳುವಾದರೆ ತುಳುವಿನಲ್ಲೇ ಹಾಡಿ. ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಾತು ಇನ್ನೂ ತಡವಾಗುತ್ತದೆ ಎಂಬ ಹೆದರಿಕೆ ಬೇಡ.

ಕೆಲವು ದಿನ ಪೂರ್ತಿ ಹಾಡಿ. ಮಗುವಿಗೆ ಪರಿಚಯವಾದ ಮೇಲೆ 'ಬಕೆಟ್ ತುಂಬಾ...' ಎಂದು ನಿಲ್ಲಿಸಿ. ಮಗುವಿನ ಮುಖ ನೋಡಿ, ಹುಬ್ಬು ಏರಿಸಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಎಲ್ಲರೂ ಎಡವುವುದು ಇಲ್ಲೇ. ಮೂರು ಎಣಿಸುವಷ್ಟರಲ್ಲಿ ಅಪ್ಪನಿಗೆ ತಾಳ್ಮೆ ಮುಗಿದಿರುತ್ತದೆ. ಅಡುಗೆಮನೆಯಿಂದ ಅಜ್ಜಿ, 'ನೀರು ಅನ್ನು ಪುಟ್ಟಾ, ನೀರು!' ಎಂದು ಕೂಗಿರುತ್ತಾರೆ. ಈ ಮಕ್ಕಳಿಗೆ ಕೇಳಿದ್ದನ್ನು ಹಿಡಿದು ಉತ್ತರ ಕೊಡಲು ಜಾಸ್ತಿ ಹೊತ್ತು ಬೇಕು. ಗೊತ್ತಿರುವ ಧಾಟಿ ಅರ್ಧಕ್ಕೆ ನಿಂತಾಗ ಅದನ್ನು ಮುಗಿಸಬೇಕು ಅಂತ ಅವರಿಗೂ ಅನಿಸುತ್ತದೆ. ನಡುವೆ ನಾವು ಬಾಯಿ ಹಾಕಿದರೆ ಆ ಆಸೆ ಅಲ್ಲಿಗೇ ಮುಗಿಯಿತು.

ಉತ್ತರ ಎಂದರೆ ಮಾತೇ ಆಗಬೇಕಿಲ್ಲ. 'ನೀ' ಎಂದರೂ ಸಾಕು. ಬಕೆಟ್ ಕಡೆ ಕೈ ಹೋಯಿತೇ, ಒಂದು ಕ್ಷಣ ನಿಮ್ಮ ಕಣ್ಣು ನೋಡಿತೇ, ಅದೂ ಉತ್ತರವೇ. ಸಿಕ್ಕ ಕೂಡಲೇ ಖುಷಿಯಿಂದ ಸಾಲು ಮುಗಿಸಿ. ಏನೂ ಬರಲಿಲ್ಲವಾದರೆ ನೀವೇ ಮುಗಿಸಿ ಮುಂದೆ ಹೋಗಿ. ಮುಖ ಸಣ್ಣದು ಮಾಡಬೇಡಿ. ಒಂದು ಸಲಕ್ಕೆ ಐದು ನಿಮಿಷ ಸಾಕು.

ಮಾತಿನ ಆಚೆಗೆ

ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕಷ್ಟವಾಗುವ ಸ್ಥಿತಿ) ಇದ್ದೂ ನಡೆಯುವ ಮಗುವಾದರೆ, ನಿಮಿಷಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ. 60 ಇದ್ದರೆ ಒಂದೇ ವೇಗದಲ್ಲಿ ಟಿಕ್ ಟಿಕ್ ಎನ್ನುವ ಮೊಬೈಲಿನ ಮೆಟ್ರೊನೋಮ್ ಆ್ಯಪನ್ನೂ 60ಕ್ಕೇ ಇಟ್ಟು, ಆ ತಾಳಕ್ಕೆ ನಡೆಸಿ. ವೇಗ ಯಾವಾಗ ಹೆಚ್ಚಿಸಬೇಕು ಎಂಬುದನ್ನು ಫಿಸಿಯೊಥೆರಪಿಸ್ಟ್ ಹೇಳಲಿ. ಕೈ ಹಿಡಿತ ಇಲ್ಲದಿದ್ದರೆ ಮಣಿಕಟ್ಟಿಗೆ ಗೆಜ್ಜೆ ಕಟ್ಟಿ. ಕಿವಿ ಕೇಳದ ಮಗುವಿನ ಕೈಯಲ್ಲಿ ಊದಿದ ಬಲೂನು ಕೊಟ್ಟು ಪಕ್ಕದಲ್ಲಿ ಡೋಲು ಬಾರಿಸಿ. ಬೆರಳಿಗೆ ತಾಳ ಸಿಗುತ್ತದೆ.

ಸದ್ದಿನ ಬಗ್ಗೆ ಎಚ್ಚರವಿರಲಿ. ಮಕ್ಕಳಿಗೆ ವಾರಕ್ಕೆ 40 ತಾಸು ಕೇಳುವುದಾದರೆ 75 ಡೆಸಿಬಲ್ ಮಿತಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಣಪತಿಯ ಢೋಲ್-ತಾಶಾ ಇದಕ್ಕಿಂತ ಎಷ್ಟೋ ಜೋರು. ನಮ್ಮ ಭಜನಾ ಮಂಡಳಿಯ ತಾಳಗಳೂ ಸಣ್ಣ ಹಾಲ್‌ನಲ್ಲಿ ಕಡಿಮೆಯೇನಲ್ಲ. ಮಗು ಕಿವಿ ಮುಚ್ಚಿಕೊಂಡರೆ ಅದು ಹಟವಲ್ಲ, ನೋವು. ಬಾಗಿಲ ಹತ್ತಿರ ಕೂರಿಸಿ, ಇಯರ್ ಮಫ್ ಹಾಕಿ, ಎದ್ದು ಬರಬೇಕೆನಿಸಿದರೆ ಬನ್ನಿ.

ಥೆರಪಿಸ್ಟ್ ಹತ್ತಿರ ಹೋಗುವಾಗ

ಮೇಲೆ ಹೇಳಿದ್ದೆಲ್ಲ ಮನೆಯ ಅಭ್ಯಾಸ. ತರಬೇತಾದವರು ಮಾಡುವ ಥೆರಪಿ ಬೇರೆ. ಅದರಲ್ಲೂ ಪವಾಡ ಹುಡುಕಬೇಡಿ. ಒಂಬತ್ತು ದೇಶಗಳ ಆಟಿಸಂ ಇರುವ 364 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದು ತಿಂಗಳ ಥೆರಪಿಯಿಂದ ಆಟಿಸಂನ ಮುಖ್ಯ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2022ರ ಕಾಕ್ರೇನ್ (ಚಿಕಿತ್ಸೆಗಳ ಪುರಾವೆ ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ) ವರದಿ, ಮಗುವಿನ ಒಟ್ಟಾರೆ ಸುಧಾರಣೆಗೂ ಬದುಕಿನ ಗುಣಮಟ್ಟಕ್ಕೂ ಅನುಕೂಲ ಇರಬಹುದು ಎಂದಿತು. ಹಾಗಾಗಿ 'ಆರು ತಿಂಗಳಲ್ಲಿ ಗುಣ' ಎಂದು ಪ್ಯಾಕೇಜ್ ಮಾರುವವರ ಮುಂದಿನಿಂದ ಎದ್ದು ಬನ್ನಿ.

ಏನು ಓದಿದ್ದೀರಿ, ಮೂರು ತಿಂಗಳಿಗೆ ಗುರಿ ಏನು, ಒಳಗೆ ನಾವೂ ಕೂರಬಹುದೇ ಎಂದು ಕೇಳಿ. ಗುರಿಯನ್ನು ಬರೆಸಿಕೊಳ್ಳಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹು ಅಂಗವೈಕಲ್ಯ ಇರುವವರಿಗೆ ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ. ಸಂಗೀತ ಥೆರಪಿಯ ಬಿಲ್ ಅದರಲ್ಲಿ ಪಾಸಾಗುತ್ತದೆಯೇ ಎಂದು ಫೀಸು ಕಟ್ಟುವ ಮೊದಲೇ ವಿಚಾರಿಸಿ.