ಫ್ರಾಂಟ್ಸ್ ಯೇಗರ್‌ಷ್ಟೆಟರ್ ಸ್ಮರಣೆ: ಚರ್ಚ್ ಹಾಲ್‌ನಲ್ಲಿ ಅರ್ಧ ತಾಸಿನ ಕಾರ್ಯಕ್ರಮ ಮಾಡುವ ಬಗೆ

ಮೊದಲು ತಾರೀಖು ಗಟ್ಟಿ ಮಾಡಿಕೊಳ್ಳಿ. ಹಿಟ್ಲರನ ಸೇನೆಯಲ್ಲಿ ಕಾದಾಡಲೊಲ್ಲೆ ಎಂದ ಈ ಆಸ್ಟ್ರಿಯಾದ ರೈತನ ತಲೆ ತೆಗೆದದ್ದು 1943ರ ಆಗಸ್ಟ್ 9ರಂದು. ಹಬ್ಬ ಮಾತ್ರ ಅವನು ದೀಕ್ಷಾಸ್ನಾನ ಪಡೆದ ಮೇ 21ಕ್ಕೆ. ಮೇ ಆದರೆ ಮಕ್ಕಳಿಗೆ ರಜೆ, ಕೈಗೆ ಸಿಗುತ್ತಾರೆ. ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ಆಗ ಸಂಜೆ ಅಡ್ಡಮಳೆಯ ಕಾಟ. ತಗಡಿನ ಹಾಲ್ ಇದ್ದರೆ ಮೈಕಿನ ಮಾತೂ ಕೇಳಿಸುವುದಿಲ್ಲ. ಬೆಳಗಿನ ಬಲಿಪೂಜೆಯ (ಮಾಸ್) ಬೆನ್ನಿಗೇ ಇಟ್ಟುಕೊಳ್ಳಿ.

ಅವನ ಹೆಸರಿನಲ್ಲೇ ಬಲಿಪೂಜೆ ಇಡಲು ಫಾದರ್‌ಗೆ ದುಂಬಾಲು ಬೀಳಬೇಡಿ. 2007ರ ಅಕ್ಟೋಬರ್ 26ರಂದು ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ ಅವನಿಗೆ ಸಿಕ್ಕಿದ್ದು ಪುನೀತ ಪದವಿ, ಅಂದರೆ ಸಂತ ಪದವಿಗಿಂತ ಒಂದು ಮೆಟ್ಟಿಲು ಕೆಳಗಿನದು. ಪುನೀತರ ಹಬ್ಬದ ಪೂಜೆ ಅನುಮತಿ ಇರುವ ಕಡೆಗಷ್ಟೇ ಸೀಮಿತ. ಸ್ಮರಣೆಗೆ, ಖಾಸಗಿ ಪ್ರಾರ್ಥನೆಗೆ ಅಡ್ಡಿಯಿಲ್ಲ. ಬ್ಯಾನರಿನಲ್ಲಿ 'ಸಂತ' ಎಂದು ಬರೆಸಬೇಡಿ. 'ಫ್ರಾನ್ಸ್' ಎಂದರೂ ತಪ್ಪು, ಮಂದಿ ದೇಶದ ಹೆಸರು ಅಂದುಕೊಳ್ಳುತ್ತಾರೆ.

ಕಾರ್ಯಕ್ರಮ ಕೆಡುವುದು ಹೆಚ್ಚಾಗಿ ಮೊದಲ ವಾಕ್ಯದಲ್ಲೇ. ನಮ್ಮ ಕಡೆ ಮಗನನ್ನು ಸೇನೆಗೆ ಕಳಿಸಿದ ತಾಯಂದಿರು ಎದುರಿಗೇ ಕೂತಿರುತ್ತಾರೆ. 'ಸೇನೆ ಬೇಡವೆಂದವನು' ಎಂದು ಶುರು ಮಾಡಿದಿರೋ, ಮುಂದಿನದನ್ನು ಅವರು ಕೇಳುವುದಿಲ್ಲ. ಹೀಗೆ ಎತ್ತಿಕೊಳ್ಳಿ: ಅವನು 1940-41ರಲ್ಲಿ ಸಮವಸ್ತ್ರ ತೊಟ್ಟು ತರಬೇತಿ ಪಡೆದವನೇ. ಹಿಟ್ಲರನ ಯುದ್ಧ ಅನ್ಯಾಯದ್ದೆಂದು ಖಾತ್ರಿಯಾದ ಮೇಲೆ, 1943ರ ಮಾರ್ಚ್ 1ರಂದು ಎನ್ಸ್ ಪಟ್ಟಣದ ಶಿಬಿರಕ್ಕೆ ತಾನೇ ಹೋಗಿ 'ಕಾದಾಡಲಾರೆ' ಎಂದ. ಗಾಯಾಳುಗಳ ಸೇವೆಗೆ ಸಿದ್ಧನಿದ್ದ. ಕೋರ್ಟು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಜುಲೈ 6ಕ್ಕೆ ಮರಣದಂಡನೆ. ಇಸವಿ ಮನಸ್ಸಿನಲ್ಲಿ ನಿಲ್ಲಬೇಕಾದರೆ ಹಾವೇರಿಯ ನೆನಪು ತನ್ನಿ: ಹೊಸರಿತ್ತಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವ ಗುಂಡಿಗೆ ಬಲಿಯಾದ ಅದೇ ವರ್ಷದ ಏಪ್ರಿಲ್ 1ರಂದು ಇವನು ಲಿಂಟ್ಸ್ ಜೈಲಿನಲ್ಲಿದ್ದ. ಅಷ್ಟು ಸಾಕು, ಇಬ್ಬರನ್ನೂ ತಕ್ಕಡಿಗೆ ಹಾಕಬೇಡಿ.

ಈ ಕಥೆಗೆ ಹನ್ನೆರಡು ನಿಮಿಷ. ಹೆಂಡತಿ ಫ್ರಾನ್ಸಿಸ್ಕಾಗೆ ಐದಾದರೂ ಬೇಕು. 'ಹೆಂಡತಿ-ಮಕ್ಕಳ ಗತಿ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೂವರು ಹೆಣ್ಣುಮಕ್ಕಳಲ್ಲಿ ದೊಡ್ಡವಳಿಗೆ ಆರೂ ತುಂಬಿರಲಿಲ್ಲ. ಸಂಸಾರ ನೋಡಿಕೋ ಎಂದು ಬಿಷಪರೇ ಬುದ್ಧಿ ಹೇಳಿದ್ದರು. ವಿಧವೆಯ ಪಿಂಚಣಿ 1950ರವರೆಗೆ ಸಿಗಲಿಲ್ಲ. ಬಿಷಪರ ಮಾತನ್ನು ಮುಚ್ಚಿಡಬೇಡಿ. ಅದು ಬಿಟ್ಟರೆ ಅವನ ನಿರ್ಧಾರದ ತೂಕವೇ ತಿಳಿಯದು.

ಕೊನೆಗೆ ಐದು ನಿಮಿಷ ಓದು. ಕೈ ಕಟ್ಟಿದ್ದಾಗಲೇ ಅವನು ಜೈಲಿನಲ್ಲಿ ಬರೆದದ್ದರ ಸಾರ: ಮನಸ್ಸಿಗೆ ಕೋಳ ಬೀಳುವುದಕ್ಕಿಂತ ಕೈಗೆ ಬೀಳುವುದೇ ಲೇಸು. ಓದುವವನ ಮಣಿಕಟ್ಟುಗಳನ್ನು ಮುಂದಕ್ಕೆ ಜೋಡಿಸಿ ಸುತಳಿಯಿಂದ ಕಟ್ಟಿ, ಎರಡು ಬೆರಳು ತೂರುವಷ್ಟು ಸಡಿಲ ಬಿಡಿ. ಎಲ್ಲವೂ ಒಂದೇ ಹಾಳೆಯಲ್ಲಿ, ದಪ್ಪ ಅಕ್ಷರದಲ್ಲಿರಲಿ. ಕಟ್ಟಿದ ಕೈಯಲ್ಲಿ ಹಾಳೆ ಮಗುಚಲು ಬರುವುದಿಲ್ಲ, ಹೆಣಗಾಡಿದರೆ ಹುಡುಗರು ಕಿಸಕ್ಕನೆ ನಗುತ್ತಾರೆ. ಮೇ ಬೆವರಿಗೆ ಸುತಳಿಯ ಗಂಟು ನೆನೆದು ಬಿಗಿಯುತ್ತದೆ. ಪಕ್ಕದವರ ಜೇಬಿನಲ್ಲಿ ಒಂದು ಕತ್ತರಿ ಇರಲಿ.